ಹೊಸ್ತಿಲಲ್ಲಿ ಕೂತ ಹ್ಯಾಡ್ರಾನ್: ಫಿಟ್ ಹಠ ಹಿಡಿದಾಗ ಎಲ್ಲಿಂದ ನೋಡಬೇಕು

“ಅಕ್ಕಾ, ಚಿತ್ರದಲ್ಲಿ ಪೀಕ್ ಅಗಲ 50 ಎಂಇವಿ ಕಾಣಿಸ್ತಿದೆ. ಫಿಟ್ ಮಾತ್ರ 300 ಅಂತಿದೆ. ಕೋಡ್ ಕೆಟ್ಟಿದೆ ಅನ್ಸುತ್ತೆ.”

ಶನಿವಾರ ಸಂಜೆ ಮಲ್ಲೇಶ್ವರದ 8ನೇ ಅಡ್ಡರಸ್ತೆಯಲ್ಲಿ ಹೂವು ಕೊಳ್ಳುತ್ತಿದ್ದಾಗ ಬಂದ ಫೋನ್ ಇದು. ಹುಡುಗ ಪಿಎಚ್‌ಡಿ ಎರಡನೇ ವರ್ಷ. ಎಫ್‌ಝೀರೋ(980) ಎಂಬ ಹ್ಯಾಡ್ರಾನಿನ (ಅಂದರೆ ಕ್ವಾರ್ಕ್‌ಗಳಿಂದಾದ ಕಣದ) ಮೇಲೆ ಕೈ ಪಳಗಲಿ ಅಂತ ನಾನೇ ಅವನಿಗೆ ಅಭ್ಯಾಸದ ಡೇಟಾ ಮಾಡಿಕೊಟ್ಟಿದ್ದೆ. ಅಂದರೆ ನಿಜವಾದ ಉತ್ತರ ನನಗೆ ಗೊತ್ತಿತ್ತು. ಅವನಿಗೆ ಹೇಳಿರಲಿಲ್ಲ, ಅಷ್ಟೇ. ಡೇಟಾದ ಮೇಲೆ ಒಂದು ಸೂತ್ರದ ರೇಖೆ ಕೂರಿಸುವುದೇ ಫಿಟ್, ಡೇಟಾದಲ್ಲಿ ಕಣ ಇದ್ದ ಕಡೆ ಏಳುವ ಗುಡ್ಡವೇ ಪೀಕ್. ಎಂಇವಿ ಶಕ್ತಿಯ ಅಳತೆ, ಕಣಗಳ ದ್ರವ್ಯರಾಶಿಯನ್ನೂ ಅದರಲ್ಲೇ ಹೇಳುತ್ತೇವೆ. “ಕೋಡ್ ಮುಟ್ಟಬೇಡ, ಮನೆಗೆ ಹೋಗಿ ಬರೀತೀನಿ” ಅಂದೆ. ಬರೆಯುತ್ತಾ ಹೋದಂತೆ ಇಷ್ಟುದ್ದ ಆಯಿತು. ಇದೇ ಗೋಳು ಇನ್ನೂ ನಾಲ್ಕು ಜನರಿಗೆ ಇರುತ್ತದೆ ಅಂತ ಗೊತ್ತಿರುವುದರಿಂದ ಹಂಚಿಕೊಳ್ಳುತ್ತಿದ್ದೇನೆ.

ಮೊದಲಿಗೆ ಸಮಾಧಾನದ ಮಾತು. ಆ 300 ತಪ್ಪೇ ಆಗಿರಬೇಕು ಅಂತೇನಿಲ್ಲ.

ಇದು ನಿಜಕ್ಕೂ ದೋಷವೋ, ಹೊಸ್ತಿಲಿನ ಸ್ವಭಾವವೋ

ಒಂದು ಕಣ ಒಡೆದು ಎರಡು ಕಣ ಆಗಬೇಕಾದರೆ, ಆ ಎರಡರ ದ್ರವ್ಯರಾಶಿ ಕೂಡಿದಷ್ಟಾದರೂ ಶಕ್ತಿ ಬೇಕು. ಅದೇ ಹೊಸ್ತಿಲು. ಕೇಯಾನ್ ಎಂಬ ಕಣಗಳಲ್ಲಿ ಒಂದಾದ ಕೆ-ಪ್ಲಸ್ ದ್ರವ್ಯರಾಶಿ 493.68 ಎಂಇವಿ. ಹಾಗಾಗಿ ಕೆ-ಪ್ಲಸ್ ಕೆ-ಮೈನಸ್ ಜೋಡಿಗೆ ಹೊಸ್ತಿಲು 987.35. ಎಫ್‌ಝೀರೋ(980) ಸರಿಯಾಗಿ ಅಲ್ಲೇ ಬಂದು ಕೂತಿದೆ. ಇದು ಇನ್ನೂ ಹಗುರವಾದ ಪಯಾನ್ ಎಂಬ ಕಣಗಳ ಜೋಡಿಯಾಗಿಯೂ ಒಡೆಯುತ್ತದೆ.

ಹಿರಣ್ಯಕಶಿಪು ಮನೆಯ ಒಳಗೂ ಸಾಯಬಾರದು, ಹೊರಗೂ ಸಾಯಬಾರದು ಅಂತ ವರ ಪಡೆದಿದ್ದ. ನರಸಿಂಹ ಹೊಸ್ತಿಲಲ್ಲಿ ಕೂತು ಕೆಲಸ ಮುಗಿಸಿದ. ಪೀಕ್‌ಗೆ ಸಾಮಾನ್ಯವಾಗಿ ಹಾಕುವ 1936ರ ಬ್ರೈಟ್–ವಿಗ್ನರ್ ಸೂತ್ರಕ್ಕೂ ಅಂಥದ್ದೇ ವರ ಇದೆ. ಹೊಸ್ತಿಲಿಂದ ದೂರ, ಒಳಗಾದರೂ ಹೊರಗಾದರೂ, ಚೆನ್ನಾಗಿ ಕೆಲಸ ಮಾಡುತ್ತದೆ. ಹೊಸ್ತಿಲ ಮೇಲೆ ಸಾಯುತ್ತದೆ.

ಎಷ್ಟು ಹತ್ತಿರ ಅಂದರೆ ಹತ್ತಿರ? ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ: ಹೊಸ್ತಿಲಿಗೆ ಇರುವ ದೂರ, ಮತ್ತು ಪೀಕ್‌ನ ಅಗಲ. ಫೈ(1020) ಕಣವೂ ಕೇಯಾನ್ ಜೋಡಿಯಾಗಿಯೇ ಒಡೆಯುತ್ತದೆ. ಅದು ಹೊಸ್ತಿಲಿಂದ 32 ಎಂಇವಿ ಮೇಲಿದೆ, ಅಗಲ ಬರೀ 4.25. ದೂರ ಅಗಲದ ಏಳು ಪಟ್ಟು. ಅಲ್ಲಿ ಬ್ರೈಟ್–ವಿಗ್ನರ್ ಹಾಕಿ, ಅಗಲ ಶಕ್ತಿಯ ಜೊತೆ ಬದಲಾಗಲು ಬಿಟ್ಟರೆ ಸಾಕು, ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಎಫ್‌ಝೀರೋ(980)ಗೆ ದೂರ ಕೆಲವೇ ಎಂಇವಿ, ಅಗಲ ಅದಕ್ಕಿಂತ ಜಾಸ್ತಿ. ಕಣಗಳ ಪಟ್ಟಿಯಲ್ಲಿ ಬಹುಕಾಲ ಇದರ ಅಗಲ “10ರಿಂದ 100” ಅಂತಲೇ ಇತ್ತು. ಒಂದಕ್ಕೆ ಹತ್ತು ಪಟ್ಟು ವ್ಯತ್ಯಾಸ! ಅಳೆದವರು ದಡ್ಡರಲ್ಲ. ಅವರು ಅಳೆಯಲು ಹೊರಟ ವಸ್ತುವೇ ಒಬ್ಬೊಬ್ಬರಿಗೆ ಒಂದೊಂದಾಗಿತ್ತು.

ಇದಕ್ಕಿಂತ ಚೊಕ್ಕ ಉದಾಹರಣೆ ಬೇಕಾದರೆ ಎಕ್ಸ್(3872) ನೋಡಿ. 2003ರಲ್ಲಿ ಜಪಾನಿನ ಬೆಲ್ ಪ್ರಯೋಗದಲ್ಲಿ ಸಿಕ್ಕ ಕಣ. ಡಿ-ಝೀರೋ ಮತ್ತು ಡಿ-ಸ್ಟಾರ್-ಝೀರೋ ಎಂಬ ಎರಡು ಕಣ ಕೂಡಿದರೆ ಬರುವ ಹೊಸ್ತಿಲಿಗೆ ಎಷ್ಟು ಅಂಟಿಕೊಂಡಿದೆ ಅಂದರೆ, ಮೇಲೋ ಕೆಳಗೋ ಅಂತ ಹೇಳುವುದೇ ಕಷ್ಟ. 2020ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿಬಿ ತಂಡ ಒಂದೇ ಡೇಟಾಕ್ಕೆ ಎರಡು ಸೂತ್ರ ಹಾಕಿತು. ಬ್ರೈಟ್–ವಿಗ್ನರ್ ಹಾಕಿದಾಗ ಅಗಲ 1.39 ಎಂಇವಿ. ಹೊಸ್ತಿಲನ್ನೂ ಲೆಕ್ಕಕ್ಕೆ ಹಿಡಿಯುವ ಫ್ಲಾಟೆ ಸೂತ್ರ ಹಾಕಿದಾಗ ಅರ್ಧ ಎತ್ತರದಲ್ಲಿ ಅಗಲ 0.22. ಎರಡೂ ಡೇಟಾಕ್ಕೆ ಅಷ್ಟೇ ಚೆನ್ನಾಗಿ ಕೂತವು. ಮರುವರ್ಷ ಅದೇ ತಂಡ ಪ್ರಕಟಿಸಿದ ಟಿಸಿಸಿ(3875) ಕಣದ್ದೂ ಅದೇ ಕಥೆ. ಸಾದಾ ಸೂತ್ರದಲ್ಲಿ ಅಗಲ 410 ಕೆಇವಿ (ಸಾವಿರ ಕೆಇವಿ ಅಂದರೆ ಒಂದು ಎಂಇವಿ), ಹೊಸ್ತಿಲನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದು ಪೋಲ್ ಹುಡುಕಿದಾಗ 48 ಕೆಇವಿ.

ಹಾಗಾಗಿ ಪೀಕ್ ಅಳೆಯಬೇಡಿ, ಪೋಲ್ ಹುಡುಕಿ. ಕೆಳಗಿನದ್ದೆಲ್ಲ ಆ ಪೋಲ್ ತಲುಪುವ ದಾರಿಯಲ್ಲಿ ಎಲ್ಲೆಲ್ಲಿ ಜಾರುತ್ತೇವೆ ಅನ್ನುವುದರ ಪಟ್ಟಿ. ಪೋಲ್ ಅಂದರೆ, ಶಕ್ತಿಯನ್ನು ಸಂಕೀರ್ಣ ಸಂಖ್ಯೆ ಅಂತ ಇಟ್ಟುಕೊಂಡಾಗ ಆಂಪ್ಲಿಟ್ಯೂಡ್ (ಇದರ ವರ್ಗವೇ ಸಂಭವ) ಅನಂತಕ್ಕೆ ಹೋಗುವ ಜಾಗ. ಅದರ ವಾಸ್ತವ ಭಾಗ ದ್ರವ್ಯರಾಶಿ, ಕಾಲ್ಪನಿಕ ಭಾಗದ ಎರಡರಷ್ಟು ಅಗಲ. ಕಣ ಒಡೆಯುವ ಒಂದೊಂದು ದಾರಿಗೂ ಚಾನೆಲ್ ಅಂತ ಹೆಸರು. ಪೀಕ್ ಚಾನೆಲ್ಲಿಗೊಂದು ವೇಷ ಹಾಕುತ್ತದೆ. ಪೋಲ್ ಎಲ್ಲ ಚಾನೆಲ್ಲಿಗೂ ಒಂದೇ.

ಲಕ್ಷಣ: ಹೊಸ್ತಿಲಲ್ಲಿ ರೇಖೆ ಮುರಿಯುತ್ತದೆ, ಅಥವಾ ಉತ್ತರವೇ ಬರುವುದಿಲ್ಲ

ಮೊದಲು ಇದನ್ನೇ ನೋಡಿ. ನೂರಕ್ಕೆ ಎಷ್ಟು ಅಂತ ಹೇಳಲಾರೆ, ಆದರೆ ನನ್ನ ಬಳಿ ಬರುವ ಹೆಚ್ಚಿನ ಗೋಳು ಇಲ್ಲೇ ಮುಗಿಯುತ್ತದೆ.

ಹೊಸ್ತಿಲಿನ ಮೇಲೆ ಹೊರಬರುವ ಕಣಕ್ಕೆ ಮೊಮೆಂಟಮ್ ಇರುತ್ತದೆ. ಅದು ಒಂದು ವರ್ಗಮೂಲ. ಹೊಸ್ತಿಲಿನ ಕೆಳಗೆ ವರ್ಗಮೂಲದ ಒಳಗಿನ ಸಂಖ್ಯೆ ಋಣ ಆಗುತ್ತದೆ. ಕೋಡ್‌ಗೆ ಸಾದಾ ಸಂಖ್ಯೆ ಕೊಟ್ಟಿದ್ದರೆ “ಇದು ಸಂಖ್ಯೆಯೇ ಅಲ್ಲ” ಅಂತ ನ್ಯಾನ್ ಉಗುಳುತ್ತದೆ. ಅದಾದರೂ ಒಳ್ಳೆಯದು, ಕಾಯಿಲೆ ಗೊತ್ತಾಗುತ್ತದೆ. ತೊಂದರೆ ಆಗುವುದು ಅದಕ್ಕೆ ಮದ್ದು ಹಚ್ಚಲು ಹೋದಾಗ. ಕೆಲವರು “ಕೆಳಗೆ ಚಾನೆಲ್ ಮುಚ್ಚಿದೆಯಲ್ಲ, ಸೊನ್ನೆ ಹಾಕೋಣ” ಅನ್ನುತ್ತಾರೆ. ಇನ್ನು ಕೆಲವರು ಋಣ ಚಿಹ್ನೆ ತೆಗೆದುಬಿಡುತ್ತಾರೆ. ಎರಡೂ ತಪ್ಪು.

ಬಾಗಿಲು ಮುಚ್ಚಿದ್ದರೂ ಆಚೆ ಮನೆ ಇರುತ್ತದೆ ಅಲ್ವಾ? ಮುಚ್ಚಿದ ಚಾನೆಲ್ ಕೂಡ ಒಳಗಿಂದ ಎಳೆಯುತ್ತಿರುತ್ತದೆ. ಅಲ್ಲಿ ಮೊಮೆಂಟಮ್ ಕಾಲ್ಪನಿಕ, ಅದೂ ಧನ ಕಾಲ್ಪನಿಕ. ಎಷ್ಟು ದೊಡ್ಡದು ಅಂತ ಒಮ್ಮೆ ಲೆಕ್ಕ ಹಾಕಿ. 980 ಎಂಇವಿಯ ಅರ್ಧ 490. ಅದರ ವರ್ಗದಿಂದ 493.68ರ ವರ್ಗ ಕಳೆದರೆ ಸುಮಾರು ಮೈನಸ್ 3600. ವರ್ಗಮೂಲ ತೆಗೆದರೆ 60 ಎಂಇವಿ. ಹೊಸ್ತಿಲಿಂದ ಏಳೇ ಎಂಇವಿ ಕೆಳಗೆ ಇದ್ದೀರಿ, ಆದರೆ ಸೂತ್ರದೊಳಗೆ 60 ಕೂತಿದೆ. ವರ್ಗಮೂಲದ ಗುಣವೇ ಅದು, ಸೊನ್ನೆಯ ಪಕ್ಕದಲ್ಲಿ ಸರ‍್ರನೆ ಏರುತ್ತದೆ. ಅದನ್ನು ಸೊನ್ನೆ ಅಂದರೆ ಫಿಟ್ ಬೇರೆ ಎಲ್ಲಿಂದಲೋ ಆ ಸಾಲ ತೀರಿಸುತ್ತದೆ. ಸಾಮಾನ್ಯವಾಗಿ ದ್ರವ್ಯರಾಶಿಯಿಂದ.

ಫ್ಲಾಟೆ ಸೂತ್ರದ ಛೇದದಲ್ಲಿ ಈ ಕಾಲ್ಪನಿಕ ಮೊಮೆಂಟಮ್ ಹೋಗಿ ಇನ್ನೊಂದು ಐ ಜೊತೆ ಗುಣಿಸಿ ವಾಸ್ತವ ಸಂಖ್ಯೆ ಆಗುತ್ತದೆ. ಚಿಹ್ನೆ ಸರಿ ಇದ್ದರೆ ಹೊಸ್ತಿಲ ಕೆಳಗಿರುವ ಪೀಕನ್ನು ಹೊಸ್ತಿಲ ಕಡೆಗೆ ಎಳೆಯುತ್ತದೆ. ಚಿಹ್ನೆ ತಪ್ಪಿದ್ದರೆ ಕೆಳಕ್ಕೆ ತಳ್ಳುತ್ತದೆ. ನೋಡಿದ ತಕ್ಷಣ ಗೊತ್ತಾಗುವ ತಪ್ಪಲ್ಲ ಇದು. ಫಿಟ್ ಚೆಂದವಾಗಿ ಕೂರುತ್ತದೆ, ಫಿಟ್ ಎಷ್ಟು ಚೆನ್ನ ಅಂತ ಹೇಳುವ ಕೈ-ವರ್ಗವೂ ಸುಂದರ.

ನಾನು ಇದಕ್ಕೆ ಮೂರು ವಾರ ತೆತ್ತಿದ್ದೇನೆ. ವರ್ಗಮೂಲಕ್ಕೆ ಸಂಕೀರ್ಣ ಸಂಖ್ಯೆಯನ್ನೇ ಕೊಟ್ಟಿದ್ದೆ, ಎಲ್ಲ ಶಾಸ್ತ್ರೋಕ್ತ. ಒಂದು ಕಡೆ ಮಾತ್ರ ಸಂಖ್ಯೆಯ ಕಾಲ್ಪನಿಕ ಭಾಗದ ಚಿಹ್ನೆ ತಿರುಗಿಸುವ ಒಂದು ಸಾಲು ಉಳಿದುಹೋಗಿತ್ತು. ಕಾಲ್ಪನಿಕ ಭಾಗ ಸೊನ್ನೆ ತಾನೇ, ತಿರುಗಿಸಿದರೆ ಏನಾಯಿತು ಅನ್ನಬಹುದು. ಕಂಪ್ಯೂಟರಿಗೆ ಸೊನ್ನೆ ಬೇರೆ, ಮೈನಸ್ ಸೊನ್ನೆ ಬೇರೆ! ಮೈನಸ್ ಒಂದಕ್ಕೆ ಸೊನ್ನೆ ಕಾಲ್ಪನಿಕ ಭಾಗ ಸೇರಿಸಿ ವರ್ಗಮೂಲ ಕೇಳಿದರೆ ಪ್ಲಸ್ ಐ ಬರುತ್ತದೆ. ಮೈನಸ್ ಸೊನ್ನೆ ಸೇರಿಸಿ ಕೇಳಿದರೆ ಮೈನಸ್ ಐ. ಪೈಥಾನ್‌ನಲ್ಲೂ ಹಾಗೆ, ಸಿ ಭಾಷೆಯಲ್ಲೂ ಹಾಗೆ. ಆ ಮೂರು ವಾರ ನಾನು ಡೇಟಾ ಕೊಟ್ಟವರ ಮೇಲೆ ಗುಮಾನಿ ಪಟ್ಟು ಎರಡು ಮೇಲ್ ಬೇರೆ ಕಳಿಸಿದ್ದೆ. ಕ್ಷಮೆ ಕೇಳಿದ ಮೇಲ್ ಮೂರನೆಯದು.

ಪರೀಕ್ಷೆ ಸುಲಭ. ಹೊಸ್ತಿಲಿಗಿಂತ ಒಂದು ಎಂಇವಿ ಮೇಲೆ ಮತ್ತು ಒಂದು ಎಂಇವಿ ಕೆಳಗೆ ಮೊಮೆಂಟಮ್ ಎಷ್ಟು ಅಂತ ಪ್ರಿಂಟ್ ಮಾಡಿ. ಮೇಲೆ ಧನ ವಾಸ್ತವ, ಕೆಳಗೆ ಧನ ಕಾಲ್ಪನಿಕ ಬರಬೇಕು. ಬೇರೆ ಏನು ಬಂದರೂ ಮುಂದೆ ಓದುವ ಮೊದಲು ಅದನ್ನು ಸರಿಮಾಡಿ. ಪೋಲ್ ಹುಡುಕುವ ಕೋಡ್‌ನಲ್ಲಿ ಇನ್ನೊಂದು ಉಪಾಯ: ಮೊಮೆಂಟಮ್ ವರ್ಗದ ಮೂಲ ನೇರವಾಗಿ ತೆಗೆಯಬೇಡಿ. ಅದರ ಚಿಹ್ನೆ ಬದಲಿಸಿ, ವರ್ಗಮೂಲ ತೆಗೆದು, ಐನಿಂದ ಗುಣಿಸಿ. ಆಗ ಕಾಲ್ಪನಿಕ ಭಾಗ ಯಾವಾಗಲೂ ಧನ ಇರುತ್ತದೆ. ಮೊದಲ ಹಾಳೆ ಅಂತ ಕರೆಯುವುದು ಅದನ್ನೇ (ಹಾಳೆ ಅಂದರೆ ಏನು ಅಂತ ಮುಂದೆ ಬರುತ್ತದೆ). ಬೇರೆ ಹಾಳೆ ಬೇಕಾದಾಗ ನೀವೇ ಬೇಕಂತ ಮೈನಸ್ ಹಾಕಿ.

ಲಕ್ಷಣ: ಪೀಕ್ ಸಣ್ಣದು, ಫಿಟ್ ಹೇಳುವ ಅಗಲ ದೊಡ್ಡದು

ನಮ್ಮ ಹುಡುಗನ ದೂರು ಇದೇ. ಇದು ಕಾಯಿಲೆ ಅಲ್ಲ. 1976ರಲ್ಲಿ ಫ್ಲಾಟೆ ತನ್ನ ಸೂತ್ರ ಬರೆದಿದ್ದೇ ಇದನ್ನು ತೋರಿಸಲು. ಆಗ ಎ-ಝೀರೋ(980) ಕಣ ಪಯಾನ್–ಈಟಾ ಚಾನೆಲ್ಲಿನಲ್ಲಿ ಸಪೂರವಾಗಿ ಕಾಣುತ್ತಿತ್ತು. ಕೇಯಾನ್ ಚಾನೆಲ್ ತೆರೆದುಕೊಳ್ಳುವುದನ್ನು ಲೆಕ್ಕಕ್ಕೆ ಹಿಡಿದರೆ, ಒಳಗಿನ ಅಗಲ ಎಷ್ಟೋ ದೊಡ್ಡದಿದ್ದರೂ ಹೊರಗೆ ಸಪೂರವಾಗಿಯೇ ಕಾಣಬಹುದು ಅಂತ ಅವನು ತೋರಿಸಿದ.

ಮೇಖ್ರಿ ಸರ್ಕಲ್ ಕಡೆ ಬೆಳಿಗ್ಗೆ ಒಂಬತ್ತಕ್ಕೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ರಸ್ತೆಯಲ್ಲಿ ಗಾಡಿಗಳು ಒತ್ತಿಕೊಂಡು ಹೋಗುತ್ತಿರುತ್ತವೆ. ಪಕ್ಕದ ಸರ್ವಿಸ್ ರಸ್ತೆ ತೆರೆದ ಕಡೆಯಿಂದ ಮುಂದಕ್ಕೆ ಮುಖ್ಯ ರಸ್ತೆಯ ದಟ್ಟಣೆ ಥಟ್ಟನೆ ಇಳಿಯುತ್ತದೆ. ಮುಖ್ಯ ರಸ್ತೆಯನ್ನು ಮಾತ್ರ ನೋಡುವವನಿಗೆ ದಟ್ಟಣೆಯ ಗುಡ್ಡ ಅಲ್ಲಿಗೇ ಕತ್ತರಿಸಿದ ಹಾಗೆ ಕಾಣುತ್ತದೆ. ಪಯಾನ್ ಚಾನೆಲ್ಲಿನಲ್ಲಿ ಪೀಕ್‌ನ ಬಲಬದಿಯನ್ನು ಕೇಯಾನ್ ಚಾನೆಲ್ ಕತ್ತರಿಸುವುದು ಹೀಗೆಯೇ. ಗಾಡಿಗಳ ಒಟ್ಟು ಸಂಖ್ಯೆ ಮಾತ್ರ ಬದಲಾಗಿಲ್ಲ.

ಅದೇ ಕಾರಣಕ್ಕೆ ಎರಡು ಬ್ರೈಟ್–ವಿಗ್ನರ್‌ಗಳನ್ನು ಸುಮ್ನೆ ಕೂಡಿಸಿ ಫಿಟ್ ಮಾಡಬೇಡಿ. ಕೂಡಿದ ಮೇಲೆ ಒಟ್ಟು ಸಂಭವ ಒಂದನ್ನು ದಾಟಬಹುದು. ಒಂದಕ್ಕಿಂತ ಹೆಚ್ಚು ಕಣ ಮೈಗೆ ಮೈ ತಾಗಿಸಿ ಕೂತಿದ್ದರೆ ಸಂಭವ ಒಂದನ್ನು ದಾಟದಂತೆ ಕಟ್ಟಿದ ಕೆ-ಮ್ಯಾಟ್ರಿಕ್ಸ್ ವಿಧಾನಕ್ಕೆ ಹೋಗಿ.

ಲಕ್ಷಣ: ಪ್ಯಾರಾಮೀಟರ್‌ಗಳು ಕೈಕೈ ಹಿಡಿದು ಓಡುತ್ತವೆ

ಫಿಟ್ ಮಾಡುವ ಪ್ರೋಗ್ರಾಂ ಮಿನ್ಯುಯಿಟ್ ಗಂಟೆಗಟ್ಟಲೆ ತಿರುಗುತ್ತದೆ. ಎರಡು ಕಪ್ಲಿಂಗ್ (ಕಣಕ್ಕೆ ಒಂದೊಂದು ಚಾನೆಲ್ ಜೊತೆ ಎಷ್ಟು ಬಲವಾದ ನಂಟು ಅನ್ನುವ ಸಂಖ್ಯೆ) ಮತ್ತು ಸೂತ್ರದ ದ್ರವ್ಯರಾಶಿ, ಮೂರೂ ಒಟ್ಟಿಗೆ ಏರುತ್ತಲೇ ಹೋಗುತ್ತವೆ. ಒಂದಕ್ಕೊಂದು ಸಂಬಂಧ 0.99. ದೋಷದ ಅಂದಾಜು ಸಂಖ್ಯೆಗಿಂತ ದೊಡ್ಡದು. ಆದರೆ ರೇಖೆ ಡೇಟಾದ ಮೇಲೆ ಅಲುಗದೆ ಕೂತಿದೆ.

ಮಿನ್ಯುಯಿಟ್‌ಗೆ ಬಯ್ಯಬೇಡಿ. ಕಪ್ಲಿಂಗ್ ದೊಡ್ಡದಾದಾಗ, ಹೊಸ್ತಿಲ ಪಕ್ಕದಲ್ಲಿ ಫ್ಲಾಟೆ ಛೇದದೊಳಗಿನ ಶಕ್ತಿಯ ಪದ ಉಳಿದವುಗಳ ಮುಂದೆ ಚಿಲ್ಲರೆ ಆಗಿಬಿಡುತ್ತದೆ. ಆಮೇಲೆ ಉಳಿದ ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಆಕಾರ ಬದಲಾಗುವುದಿಲ್ಲ, ಎತ್ತರ ಮಾತ್ರ ಬದಲಾಗುತ್ತದೆ. ಎತ್ತರವನ್ನು ಹೇಗೂ ಫಿಟ್‌ಗೆ ಬಿಟ್ಟಿದ್ದೀರಿ. ಅಂದರೆ ಡೇಟಾದಲ್ಲಿ ಕಪ್ಲಿಂಗ್‌ಗಳ ಅನುಪಾತ ಮಾತ್ರ ಇದೆ. ಒಂದೊಂದರ ಬೆಲೆ ಅಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ಕೊಡು ಅಂದರೆ ಯಾವ ಮಿನಿಮೈಸರ್ ಕೊಡುತ್ತದೆ?

ಇಲ್ಲಿ ಮಾಡಬೇಕಾದ್ದು: ಒಂದು ಕಪ್ಲಿಂಗನ್ನು ಕಟ್ಟಿಹಾಕಿ ಫಿಟ್ ಮಾಡಿ, ಅದನ್ನು ಎರಡು ಪಟ್ಟು ಮಾಡಿ ಮತ್ತೆ ಫಿಟ್ ಮಾಡಿ. ಎರಡು ಸಲವೂ ಪೋಲ್ ಎಲ್ಲಿದೆ ನೋಡಿ. ಪೋಲ್ ಅಲುಗದಿದ್ದರೆ ಎಲ್ಲ ಕ್ಷೇಮ. ಸೂತ್ರದ ದ್ರವ್ಯರಾಶಿ ಎಲ್ಲೋ 100 ಎಂಇವಿ ಆಚೆ ಹೋಗಿ ಕೂತಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಅದು ಕಣದ ದ್ರವ್ಯರಾಶಿ ಅಲ್ಲ, ಸೂತ್ರದ ಒಂದು ತಿರುಪು ಅಷ್ಟೇ.

ಲಕ್ಷಣ: ಪೋಲ್ ಸಿಗುತ್ತಿಲ್ಲ, ಅಥವಾ ಬೇಡದ ಕಡೆ ಸಿಗುತ್ತಿದೆ

ಇಲ್ಲಿ ಸ್ವಲ್ಪ ನಿಲ್ಲೋಣ.

ಒಂದೊಂದು ಹೊಸ್ತಿಲೂ ಒಂದೊಂದು ವರ್ಗಮೂಲ. ಒಂದೊಂದು ವರ್ಗಮೂಲಕ್ಕೂ ಎರಡು ಚಿಹ್ನೆ. ಎರಡು ಚಾನೆಲ್ ಇದ್ದರೆ ನಾಲ್ಕು ಹಾಳೆ, ಮೂರಿದ್ದರೆ ಎಂಟು. ಎಲ್ಲವೂ ಒಂದರ ಮೇಲೊಂದು ಜೋಡಿಸಿದ ಹಾಗೆ, ಹೊಸ್ತಿಲುಗಳ ಹತ್ತಿರ ಒಂದಕ್ಕೊಂದು ಹೊಲಿದ ಹಾಗೆ. ನಾವು ಅಳೆಯುವ ಶಕ್ತಿ ಇರುವುದು ಮೊದಲ ಹಾಳೆಯ ಅಂಚಿನಲ್ಲಿ. ಅಲ್ಲಿಂದ ಕೆಳಕ್ಕೆ ಇಳಿದರೆ ಯಾವ ಹಾಳೆಗೆ ಹೋಗುತ್ತೇವೆ ಅನ್ನುವುದು ಎಲ್ಲಿ ಇಳಿದೆವು ಅನ್ನುವುದರ ಮೇಲೆ.

ಎಫ್‌ಝೀರೋ(980) ಲೆಕ್ಕದಲ್ಲಿ: ಪಯಾನ್ ಹೊಸ್ತಿಲು ಮತ್ತು ಕೇಯಾನ್ ಹೊಸ್ತಿಲಿನ ನಡುವೆ ಇಳಿದರೆ ಎರಡನೇ ಹಾಳೆ. ಅಲ್ಲಿ ಪಯಾನ್ ಮೊಮೆಂಟಮ್ ಮಾತ್ರ ಚಿಹ್ನೆ ಬದಲಿಸಿರುತ್ತದೆ. ಕೇಯಾನ್ ಹೊಸ್ತಿಲು ದಾಟಿದ ಮೇಲೆ ಇಳಿದರೆ ಮೂರನೇ ಹಾಳೆ, ಎರಡೂ ಬದಲಾಗಿರುತ್ತವೆ. ನಾಲ್ಕನೆಯದರಲ್ಲಿ ಕೇಯಾನ್ ಮಾತ್ರ ಬದಲು. ಅದಕ್ಕೆ ನೇರ ಮೆಟ್ಟಿಲಿಲ್ಲ.

ಈಗ ಸಾಮಾನ್ಯ ತಪ್ಪು. ಎರಡನೇ ಹಾಳೆಯಲ್ಲಿ ಪೋಲ್ ಸಿಗುತ್ತದೆ, ಅದರ ವಾಸ್ತವ ಭಾಗ ಕೇಯಾನ್ ಹೊಸ್ತಿಲಿಗಿಂತ ಮೇಲಿರುತ್ತದೆ. ವಿದ್ಯಾರ್ಥಿ “ದ್ರವ್ಯರಾಶಿ 1000, ಅಲ್ಲಿ ಪೀಕ್ ಯಾಕಿಲ್ಲ?” ಅಂತ ಕೂರುತ್ತಾನೆ. 1000ದಲ್ಲಿ ನಿಂತು ಇಳಿದರೆ ಹೋಗುವುದು ಮೂರನೇ ಹಾಳೆಗೆ. ಆ ಪೋಲ್ ಇರುವುದು ಎರಡನೆಯದರಲ್ಲಿ. ಅದನ್ನು ಮುಟ್ಟಲು ಹೊಸ್ತಿಲು ಸುತ್ತಿಕೊಂಡು ಹೋಗಬೇಕು. ಹಾಗಾಗಿ ಅದರ ಪ್ರಭಾವ ಹೊಸ್ತಿಲಲ್ಲೇ ಚೂಪಾಗಿ ಕಾಣುತ್ತದೆ, 1000ದಲ್ಲಿ ಅಲ್ಲ. ಪಟ್ಟಿಯಲ್ಲಿ ಈ ಕಣದ ಪೋಲ್‌ಗೆ ಕೊಟ್ಟಿರುವ ವಾಸ್ತವ ಭಾಗ 980ರಿಂದ 1010, ಕಾಲ್ಪನಿಕ ಭಾಗ 20ರಿಂದ 35 ಎಂಇವಿ. ಹೊಸ್ತಿಲಿನ ಎರಡೂ ಬದಿಗೆ ಚಾಚಿಕೊಂಡಿದೆ ನೋಡಿ. ಆದ್ದರಿಂದ ಪೋಲ್ ಬರೆಯುವಾಗ ಹಾಳೆ ಯಾವುದು ಅಂತ ಬರೆಯದಿದ್ದರೆ ಅದು ಮನೆ ನಂಬರ್ ಬರೆದು ಅಡ್ಡರಸ್ತೆ ಬರೆಯದ ವಿಳಾಸ. ಬೆಂಗಳೂರಲ್ಲಿ ಅಂಥ ವಿಳಾಸ ಹಿಡಿದು ಅಲೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲ ಹಾಳೆಯಲ್ಲಿ, ವಾಸ್ತವ ರೇಖೆಯಿಂದ ದೂರ, ಪೋಲ್ ಸಿಕ್ಕಿದರೆ? ಅಲ್ಲಿ ಪೋಲ್ ಇರುವಂತಿಲ್ಲ. ಕಾರಣ-ಪರಿಣಾಮದ ನಿಯಮಕ್ಕೇ ಅದು ವಿರುದ್ಧ. ಒಂದೋ ಚಿಹ್ನೆ ತಪ್ಪು, ಇಲ್ಲ ಮಾದರಿ ಕೆಟ್ಟದ್ದು.

ಕೆಲವೊಮ್ಮೆ ಒಂದು ಪೀಕ್‌ಗೆ ಎರಡು ಪೋಲ್ ಸಿಗುತ್ತವೆ. ಗಾಬರಿ ಬೇಡ. ಲ್ಯಾಂಬ್ಡಾ(1405) ಹಾಗೆಯೇ. ಕೆ-ಮೈನಸ್ ಮತ್ತು ಪ್ರೋಟಾನ್ ಹೊಸ್ತಿಲು 1432ರಲ್ಲಿದೆ, ಅದರ ಕೆಳಗೆ ಈ ಕಣ. ಬೇರೆ ಬೇರೆ ಪ್ರಯೋಗದಲ್ಲಿ ಬೇರೆ ಬೇರೆ ಆಕಾರ ತೋರಿಸಿ ದಶಕಗಳ ಕಾಲ ಎಲ್ಲರನ್ನೂ ಕಾಡಿತು. ಈಗ ಪಟ್ಟಿಯಲ್ಲಿ ಲ್ಯಾಂಬ್ಡಾ(1380) ಅಂತ ಎರಡನೆಯದೂ ಸೇರಿದೆ.

ಲಕ್ಷಣ: ಬಂಧ ಸ್ಥಿತಿ ಅಂತ ಒಂದು ಫಿಟ್, ವರ್ಚುವಲ್ ಅಂತ ಇನ್ನೊಂದು

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಇದಕ್ಕೆ ಮದ್ದು 1930ರ ದಶಕದಲ್ಲೇ ಸಿಕ್ಕಿದೆ.

ನ್ಯೂಟ್ರಾನ್ ಮತ್ತು ಪ್ರೋಟಾನ್ ತೆಗೆದುಕೊಳ್ಳಿ. ಸ್ಪಿನ್ ಒಂದೇ ಕಡೆಗಿದ್ದರೆ ಎರಡೂ ಅಂಟಿಕೊಂಡು ಡ್ಯೂಟೆರಾನ್ ಆಗುತ್ತವೆ. ಬಂಧ ಶಕ್ತಿ 2.22 ಎಂಇವಿ, ಸ್ಕ್ಯಾಟರಿಂಗ್ ಉದ್ದ (ಅತಿ ಕಡಿಮೆ ಶಕ್ತಿಯಲ್ಲಿ ಒಂದನ್ನೊಂದು ಎಷ್ಟು ಚದುರಿಸುತ್ತವೆ ಅನ್ನುವ ಅಳತೆ) ಪ್ಲಸ್ 5.42 ಫರ್ಮಿ. ಸ್ಪಿನ್ ವಿರುದ್ಧವಾಗಿದ್ದರೆ ಅಂಟುವುದಿಲ್ಲ, ಆದರೆ ಇನ್ನೇನು ಅಂಟಬೇಕು ಅನ್ನುವಷ್ಟು ಹತ್ತಿರ. ಉದ್ದ ಮೈನಸ್ 23.7 ಫರ್ಮಿ. ಮೊದಲನೆಯದರ ಪೋಲ್ ಮೊಮೆಂಟಮ್ ತಲದಲ್ಲಿ ಮೇಲಿನ ಅರ್ಧದಲ್ಲಿ, ಎರಡನೆಯದರದ್ದು ಕೆಳಗಿನ ಅರ್ಧದಲ್ಲಿ. ಕೆಳಗಿನದ್ದೇ ವರ್ಚುವಲ್ ಸ್ಥಿತಿ. ಕಣ ಅಂತ ಕೈಗೆ ಸಿಗದು, ಆದರೆ ನೆರಳು ಬೀಳುತ್ತದೆ. ನೆರಳು ಎಂಥದ್ದು ಅಂದರೆ, ಅತಿ ಕಡಿಮೆ ಶಕ್ತಿಯಲ್ಲಿ ನ್ಯೂಟ್ರಾನ್–ಪ್ರೋಟಾನ್ ಅಡ್ಡಕೊಯ್ತ (ಡಿಕ್ಕಿಯ ಸಂಭವ ಹೇಳುವ ಅಳತೆ) 20.4 ಬಾರ್ನ್. ಅದರ ಬಹುಪಾಲು ಈ ಅಂಟದ ಜೋಡಿಯದ್ದೇ.

ತೊಂದರೆ ಏನೆಂದರೆ, ಹೊಸ್ತಿಲ ಮೇಲಿನ ಎಣಿಕೆ ಸ್ಕ್ಯಾಟರಿಂಗ್ ಉದ್ದದ ವರ್ಗವನ್ನು ಮಾತ್ರ ನೋಡುತ್ತದೆ. ಪ್ಲಸ್ಸೋ ಮೈನಸ್ಸೋ ಅದಕ್ಕೆ ಕಾಣುವುದಿಲ್ಲ. ನಿಮ್ಮ ಡೇಟಾ ಹೊಸ್ತಿಲ ಮೇಲೆ ಮಾತ್ರ ಇದ್ದರೆ, ಅದೂ ಒಂದೇ ಚಾನೆಲ್ ಇದ್ದರೆ, ಫಿಟ್ ಒಮ್ಮೆ ಬಂಧ, ಒಮ್ಮೆ ವರ್ಚುವಲ್ ಅಂದರೆ ಅದು ಸುಳ್ಳು ಹೇಳುತ್ತಿಲ್ಲ. ನ್ಯೂಟ್ರಾನ್ ಕಥೆಯಲ್ಲಿ ಚಿಹ್ನೆ ಬಿಡಿಸಿದ್ದು ಹೈಡ್ರೋಜನ್ ಅಣುಗಳು. ಒಂದು ಬಗೆಯ ಅಣುವಿನಲ್ಲಿ ಎರಡು ಪ್ರೋಟಾನ್‌ಗಳ ಸ್ಪಿನ್ ಒಂದೇ ಕಡೆ, ಇನ್ನೊಂದು ಬಗೆಯಲ್ಲಿ ವಿರುದ್ಧ. ಎರಡರ ಮೇಲೂ ನ್ಯೂಟ್ರಾನ್ ಹಾಯಿಸಿದಾಗ ಅಲೆಗಳು ಕೂಡುವ ರೀತಿ ಬೇರೆಯಾಯಿತು, ಮೈನಸ್ ಅಂತ ಗೊತ್ತಾಯಿತು. ನಮಗೂ ಅದೇ ದಾರಿ: ಹೊಸ್ತಿಲ ಕೆಳಗೂ ಕಾಣುವ ಇನ್ನೊಂದು ಚಾನೆಲ್ ತನ್ನಿ. ಬಂಧ ಸ್ಥಿತಿಯಾದರೆ ಅಲ್ಲಿ ಪೀಕ್ ಹೊಸ್ತಿಲಿಂದ ಕೆಳಗೆ ಬರುತ್ತದೆ. ವರ್ಚುವಲ್ ಆದರೆ ಸರಿಯಾಗಿ ಹೊಸ್ತಿಲಲ್ಲಿ ಚೂಪಾಗಿ ನಿಲ್ಲುತ್ತದೆ. 2019ರಲ್ಲಿ ಕಂಡ ಐದು ಕ್ವಾರ್ಕ್‌ಗಳ ಕಣ, ಪೆಂಟಾಕ್ವಾರ್ಕ್ ಪಿಸಿ(4312) ಬಗ್ಗೆ ಬಂಧವೋ ವರ್ಚುವಲ್ಲೋ ಅಂತ ನಡೆದ ಚರ್ಚೆಯೂ ಇದೇ ಜಾತಿಯದು.

ಈ ನ್ಯೂಟ್ರಾನ್–ಪ್ರೋಟಾನ್ ಜೋಡಿಯನ್ನು ನಿಮ್ಮ ಕೋಡ್‌ಗೆ ಪರೀಕ್ಷೆಯಾಗಿ ಕೊಡಿ. ಡ್ಯೂಟೆರಾನ್‌ಗೆ ಬರೀ ಸ್ಕ್ಯಾಟರಿಂಗ್ ಉದ್ದ ಹಾಕಿದರೆ ಬಂಧ ಶಕ್ತಿ 1.41 ಎಂಇವಿ ಬರಬೇಕು. ಎಫೆಕ್ಟಿವ್ ರೇಂಜ್ (ಬಲ ಎಷ್ಟು ದೂರ ಚಾಚುತ್ತದೆ ಅನ್ನುವ ಅಳತೆ) 1.75 ಫರ್ಮಿ ಸೇರಿಸಿದರೆ 2.22ಕ್ಕೆ ಏರಬೇಕು. ಇನ್ನೊಂದಕ್ಕೆ ಮೈನಸ್ 23.7 ಮತ್ತು ರೇಂಜ್ 2.73 ಹಾಕಿದರೆ, ಹೊಸ್ತಿಲಿಂದ ಸುಮಾರು 66 ಕೆಇವಿ ಕೆಳಗೆ, ಎರಡನೇ ಹಾಳೆಯಲ್ಲಿ ಪೋಲ್ ಸಿಗಬೇಕು. ಎರಡೂ ಬಂದರೆ ಕೋಡ್ ಗಟ್ಟಿ. ಎರಡೂ ಅದಲುಬದಲಾಗಿ ಬಂದರೆ ಚಿಹ್ನೆಯ ಪದ್ಧತಿ ತಲೆಕೆಳಗಾಗಿದೆ. ನ್ಯೂಕ್ಲಿಯರ್ ಮಂದಿ ಪ್ಲಸ್ ಅಂದದ್ದನ್ನು ಹ್ಯಾಡ್ರಾನ್ ಮಂದಿ ಎಷ್ಟೋ ಸಲ ಮೈನಸ್ ಅನ್ನುತ್ತಾರೆ. ಯಾವ ಲೇಖನದಿಂದ ಸಂಖ್ಯೆ ಎತ್ತಿಕೊಂಡಿರೋ ಅದರ ಮೊದಲ ಸೂತ್ರ ನೋಡದೆ ಎತ್ತಿಕೊಳ್ಳಬೇಡಿ.

ಸಣ್ಣಪುಟ್ಟವು, ಆದರೆ ಕಚ್ಚುವಂಥವು

ಕೇಯಾನ್‌ಗೆ ಸರಾಸರಿ ದ್ರವ್ಯರಾಶಿ ಹಾಕಿದ್ದೀರಾ? ತೆಗೆಯಿರಿ. ಕೆ-ಝೀರೋ 497.61, ಅದರ ಜೋಡಿಯ ಹೊಸ್ತಿಲು 995.22. ಎರಡು ಹೊಸ್ತಿಲಿನ ನಡುವೆ 8 ಎಂಇವಿ ಸಂದು ಇದೆ. ಎ-ಝೀರೋ ಮತ್ತು ಎಫ್‌ಝೀರೋ ಬೆರೆಯುವ ಸೂಕ್ಷ್ಮ ಸಂಗತಿ ಆ ಸಂದಿನಲ್ಲೇ ನಡೆಯುತ್ತದೆ. 1979ರಲ್ಲಿ ಊಹಿಸಿದ್ದನ್ನು ಚೀನಾದ ಬಿಇಎಸ್-3 ಪ್ರಯೋಗ 2018ರಲ್ಲಿ ಕಂಡಿತು. ಸರಾಸರಿ ಹಾಕಿದವರಿಗೆ ಅದು ಕಾಣುವುದೇ ಇಲ್ಲ. ಎಕ್ಸ್(3872)ಗೂ ಹಾಗೆಯೇ, ಎರಡು ಡಿ ಹೊಸ್ತಿಲುಗಳ ನಡುವೆ ಅಲ್ಲೂ ಸುಮಾರು 8.

10 ಎಂಇವಿ ಬಿನ್ (ಘಟನೆ ಎಣಿಸುವ ಖಾನೆ) ಹಾಕಿ ಮಧ್ಯಬಿಂದುವಿನಲ್ಲಿ ಸೂತ್ರದ ಬೆಲೆ ತೆಗೆಯುತ್ತಿದ್ದರೆ, ಹೊಸ್ತಿಲಿನ ಚೂಪು ಬಿನ್ ಒಳಗೇ ಹೂತುಹೋಗುತ್ತದೆ. ಬಿನ್ ಪೂರ್ತಿ ಇಂಟಿಗ್ರೇಟ್ ಮಾಡಿ. ಉಪಕರಣದ ಮಸುಕನ್ನು ಆಂಪ್ಲಿಟ್ಯೂಡ್‌ನ ವರ್ಗದ ಮೇಲೆ ಹರಡಬೇಕು, ಆಂಪ್ಲಿಟ್ಯೂಡ್ ಮೇಲೆ ಅಲ್ಲ. ಆ ಮಸುಕು ಎಲ್ಲ ಕಡೆ ಒಂದೇ ಅಂತಲೂ ತಿಳಿಯಬೇಡಿ. ಹೊಸ್ತಿಲಿಗೆ ಹತ್ತಿರ ಬಂದಷ್ಟೂ ಜೋಡಿ ದ್ರವ್ಯರಾಶಿಯ ಮಸುಕು ತಾನಾಗೇ ಕಡಿಮೆಯಾಗುತ್ತದೆ.

ಹೊಸ್ತಿಲು ಮಾಡುವ ಕಣವೇ ಬೇಗ ಒಡೆಯುವಂಥದ್ದಾದರೆ ಹೊಸ್ತಿಲೂ ಅಷ್ಟು ಮಸುಕು. ಡಿ-ಸ್ಟಾರ್-ಪ್ಲಸ್ ಅಗಲ 83 ಕೆಇವಿ, ಚೂಪು ಬಹುಪಾಲು ಉಳಿಯುತ್ತದೆ. ಆದರೂ 48 ಕೆಇವಿ ಅಗಲದ ಟಿಸಿಸಿ ಲೆಕ್ಕದಲ್ಲಿ ಅದನ್ನು ಬಿಡುವ ಹಾಗಿಲ್ಲ. ರೋ ಕಣದ್ದು ಸುಮಾರು 150 ಎಂಇವಿ. ಅಲ್ಲಿ ಚೂಪು ಹುಡುಕುವುದು ವ್ಯರ್ಥ.

ಲಕ್ಷಣ: ಪೀಕ್ ಇದೆ, ಕಣವೇ ಇಲ್ಲ

ಹೊಸ್ತಿಲು ತೆರೆಯಿತು ಅನ್ನುವ ಒಂದೇ ಕಾರಣಕ್ಕೆ ರೇಖೆಯಲ್ಲಿ ಮೂಲೆ ಬರಬಹುದು. ವಿಗ್ನರ್ 1948ರಲ್ಲೇ ಹೇಳಿದ್ದು. ಸರ್ನ್‌ನ ಎನ್‌ಎ48/2 ಪ್ರಯೋಗದಲ್ಲಿ ಕೇಯಾನ್ ಮೂರು ಪಯಾನ್ ಆಗಿ ಒಡೆಯುವ 2 ಕೋಟಿಗೂ ಹೆಚ್ಚು ಘಟನೆ ನೋಡಿದಾಗ, ಎರಡು ಪೈ-ಝೀರೋ ಜೋಡಿಯ ರೇಖೆ 279 ಎಂಇವಿಯಲ್ಲಿ ಮುರಿಯಿತು. ಅದು ಪೈ-ಪ್ಲಸ್ ಪೈ-ಮೈನಸ್ ಹೊಸ್ತಿಲು. ಅಲ್ಲಿ ಹೊಸ ಕಣ ಯಾವುದೂ ಇಲ್ಲ. ಆದರೆ ಆ ಮೂಲೆಯಿಂದಲೇ ಪಯಾನ್‌ಗಳ ಸ್ಕ್ಯಾಟರಿಂಗ್ ಉದ್ದ ಅಳೆದರು.

ಇನ್ನೊಂದು ವೇಷಧಾರಿ ತ್ರಿಕೋನ. ಮಧ್ಯದಲ್ಲಿ ಮೂರು ಕಣ ಸುತ್ತಿ ಬಂದು, ಸರಿಯಾದ ವೇಗದಲ್ಲಿ ಒಂದನ್ನೊಂದು ಹಿಡಿದರೆ ಪೀಕ್ ಹುಟ್ಟುತ್ತದೆ. ಸರ್ನ್‌ನದೇ ಕಾಂಪಾಸ್ ತಂಡ 2015ರಲ್ಲಿ ಪ್ರಕಟಿಸಿದ ಎ-ಒನ್(1420)ಗೆ ಈ ವಿವರಣೆ ಇದೆ. ಪರೀಕ್ಷೆ: ಕಣ ಹುಟ್ಟುವ ದಾರಿ ಬದಲಿಸಿ. ತ್ರಿಕೋನದ ಪೀಕ್ ಜಾಗ ಬದಲಿಸುತ್ತದೆ ಅಥವಾ ಮಾಯವಾಗುತ್ತದೆ. ಪೋಲ್ ಎಲ್ಲೂ ಹೋಗುವುದಿಲ್ಲ.

ಎಲ್ಲ ಸರಿ ಇದ್ದೂ ಮಾದರಿ ಬದಲಿಸಿದರೆ ಪೋಲ್ ಓಡುತ್ತಿದೆಯೇ?

ಆಗ ಪೋಲ್ ಡೇಟಾದಿಂದ ತುಂಬಾ ದೂರ ಇದೆ ಅಂತ ಅರ್ಥ. ಸಿಗ್ಮಾ ಕಣ ನೋಡಿ. 1996ರ ಪಟ್ಟಿಯಲ್ಲಿ ಅದರ ಹೆಸರೇ ಎಫ್‌ಝೀರೋ(400–1200) ಅಂತ ಇತ್ತು. ಹೆಸರಲ್ಲೇ 800 ಎಂಇವಿ ಅನುಮಾನ! ಅದನ್ನು ಕಟ್ಟಿಹಾಕಿದ್ದು ಭೌತವಿಜ್ಞಾನಿ ಎಸ್. ಎಂ. ರಾಯ್ 1971ರಲ್ಲಿ ಬರೆದ ಸಮೀಕರಣಗಳು. ಅವು ಯಾವ ಮಾದರಿಯನ್ನೂ ನಂಬದೆ, ಆಂಪ್ಲಿಟ್ಯೂಡ್ ಪಾಲಿಸಲೇಬೇಕಾದ ನಿಯಮಗಳನ್ನು ಮಾತ್ರ ನಂಬುತ್ತವೆ. 2001ರಲ್ಲಿ ಪಯಾನ್‌ಗಳಿಗೆ ಅವುಗಳನ್ನು ಪೂರ್ತಿಯಾಗಿ ಬಿಡಿಸಿದ ನಾಲ್ವರಲ್ಲಿ ಒಬ್ಬರು ನಮ್ಮ ಐಐಎಸ್‌ಸಿಯ ಬಿ. ಅನಂತನಾರಾಯಣ್. 2006ರಲ್ಲಿ ಅದೇ ದಾರಿಯಲ್ಲಿ ಸಿಗ್ಮಾ ಪೋಲ್ 441 ಎಂಇವಿಗೆ ಬಂತು, ಕಾಲ್ಪನಿಕ ಭಾಗ 272. ದೋಷದ ಅಂದಾಜು ಹತ್ತಿಪ್ಪತ್ತು ಎಂಇವಿಗೆ ಇಳಿಯಿತು. ನಿಮ್ಮ ಪೋಲ್ ಓಡಾಡುತ್ತಿದ್ದರೆ ಇನ್ನಷ್ಟು ಪ್ಯಾರಾಮೀಟರ್ ಸೇರಿಸಬೇಡಿ. ಇಂಥ ನಿಯಮ ಯಾವುದನ್ನು ಬಿಟ್ಟಿದ್ದೀರಿ ಅಂತ ಹುಡುಕಿ.

ಹುಡುಗ ಭಾನುವಾರ ರಾತ್ರಿ ಚಿತ್ರ ಕಳಿಸಿದ. ಪ್ರಿಂಟ್ ಮಾಡಿ ನೋಡಿದಾಗ ಮೊಮೆಂಟಮ್ ಚಿಹ್ನೆ ಸರಿ ಇತ್ತಂತೆ. ಕೇಯಾನ್ ಚಾನೆಲ್ ಸೇರಿಸಿ ಎರಡನ್ನೂ ಒಟ್ಟಿಗೆ ಫಿಟ್ ಮಾಡಿದ್ದಾನೆ. ಸೂತ್ರದ ದ್ರವ್ಯರಾಶಿ ನಾನು ಹಾಕಿದ್ದಕ್ಕಿಂತ ತುಂಬಾ ದೂರ, ಅಗಲ ಈಗಲೂ ಮುನ್ನೂರರ ಹತ್ತಿರ. ಪೋಲ್ ಮಾತ್ರ ಎರಡನೇ ಹಾಳೆಯಲ್ಲಿ, ನಾನು ಇಟ್ಟ ಜಾಗದಿಂದ ಎರಡು ಎಂಇವಿ ಒಳಗೆ. “ಹಾಗಾದ್ರೆ ಕೋಡ್ ಸರಿ ಇತ್ತಾ ಅಕ್ಕಾ?” ಅಂದ. ಇತ್ತು. 990ರ ಹತ್ತಿರ ಒಂದು ಬಿಂದು ಮಾತ್ರ ರೇಖೆಯಿಂದ ಮೇಲೆ ಎದ್ದು ನಿಂತಿದೆ. ಅವನು ಕೇಯಾನ್‌ಗೆ 495.6 ಹಾಕಿದ್ದಾನೆ ಅಂತ ನನ್ನ ಗುಮಾನಿ. ಸೋಮವಾರ ಕೇಳಬೇಕು.